ಸರಾಸರಿ ರೈತ ಯಾರು? ಶಿರೂರು ತಾಲ್ಲೂಕಿನ ಸಾಲ, ಹೊಲ ಮತ್ತು ಲೆಕ್ಕದ ಕತೆ

ಈ ಸಲದ ಮಾತು ಶಿರೂರಿನದು. ಶಿರೂರು ಅಂದ ಕೂಡಲೇ ಕರಾವಳಿಯವರಿಗೆ ಬೈಂದೂರು ಹತ್ತಿರದ ಶಿರೂರು ನೆನಪಾಗುತ್ತೆ. ಬಾಗಲಕೋಟೆ ಕಡೆಯವರಿಗೆ ಅಲ್ಲಿಯ ಶಿರೂರು. 2024ರ ಮಳೆಗಾಲದಲ್ಲಿ ಟಿವಿ ಮುಂದೆ ಕೂತು ಗುಡ್ಡ ಕುಸಿದದ್ದನ್ನು ನೋಡಿದವರಿಗೆ ಅಂಕೋಲಾದ ಶಿರೂರು. ನಾನು ಹೇಳ್ತಿರೋದು ಇವ್ಯಾವುದೂ ಅಲ್ಲ. ಪುಣೆಯಿಂದ ನಗರ ರಸ್ತೆ ಹಿಡಿದು, ವಾಘೋಲಿ, ಶಿಕ್ರಾಪುರ, ರಾಂಜಣಗಾಂವ್ ದಾಟಿದ ಮೇಲೆ ಘೋಡ್ ನದಿಯ ದಂಡೆಯಲ್ಲಿ ಸಿಗುತ್ತಲ್ಲ, ಇಲ್ಲಿಯ ಜನ ಘೋಡನದಿ ಅಂತಲೂ ಕರೀತಾರಲ್ಲ, ಆ ಶಿರೂರು. ಪುಣೆ ಕನ್ನಡಿಗರಲ್ಲಿ ಬಹಳ ಜನ ರಾಂಜಣಗಾಂವ್ ಮಹಾಗಣಪತಿಗೆ ಹೋಗಿ ಅಲ್ಲಿಂದಲೇ ವಾಪಸ್ ಬಂದಿರ್ತೀವಿ. ಇನ್ನು ಕೆಲವರು ಅಲ್ಲಿಯ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗ್ತೀವಿ. ಆ ತಾಲ್ಲೂಕಿಗೆ ಒಂದು ಹಳೇ ಕತೆ ಇದೆ ಅನ್ನೋದು ನನಗೂ ಇತ್ತೀಚಿನವರೆಗೆ ಗೊತ್ತಿರಲಿಲ್ಲ.

ಗೊತ್ತಾಗೋಕೆ ಕಾರಣ ಅಪ್ಪಾರ ಒಂದು ಫೋನು.

ನಮ್ಮೂರು ರೋಣ ತಾಲ್ಲೂಕಿನಲ್ಲಿ. ನಾಲ್ಕು ಎಕರೆ ಎರೆ ಹೊಲ. ಆ ವರ್ಷ ಹೆಸರು ಹಾಕಿದ್ದರು. ಹೂ ಬಿಡೋ ಹೊತ್ತಿಗೆ ಮಳೆ ಕೈಕೊಟ್ಟಿತು. ಹಳ್ಳದ ಆಚೆ ಒಂದು ಮಳೆ ಆಗಿತ್ತು, ಈಚೆ ಆಗಲಿಲ್ಲ. ನಮ್ಮ ಹೊಲ ಈಚೆ. ವಿಮೆ ಕಂತು ಕಟ್ಟಿದ್ದರು, ಪರಿಹಾರ ಬರಲಿಲ್ಲ. ವಿಚಾರಿಸಿದಾಗ ಬಂದ ಉತ್ತರ ಇಷ್ಟೇ: ಪಂಚಾಯಿತಿಯ ಸರಾಸರಿ ಇಳುವರಿ ಚೆನ್ನಾಗಿದೆ.

ಅಪ್ಪಾರು ಫೋನಿನಲ್ಲಿ ಕೇಳಿದರು: "ಸರಾಸರಿ ಚಲೋ ಬಂದೈತಂತ ತಮ್ಮಾ. ಊರಿನ ಸರಾಸರಿ ಚಲೋ ಇದ್ರ ನನ್ನ ಹೊಲದಾಗೂ ಹೆಸರು ಬೆಳಿಬೇಕಿತ್ತಲ್ಲ? ನೀ ದಿನಾ ಇದನ್ನ ಮಾಡಾಂವ, ಹೇಳು."

ನಿಜ, ನಾನು ದಿನಾ ಮಾಡೋದು ಇದನ್ನೇ. ಆಫೀಸಿನಲ್ಲಿ ನನ್ನ ಕೆಲಸ ಡ್ಯಾಶ್‌ಬೋರ್ಡ್ ಕಟ್ಟೋದು. ಸರಾಸರಿ ಎಷ್ಟು ಸೆಕೆಂಡು, ಸರಾಸರಿ ಎಷ್ಟು ದೂರು, ಸರಾಸರಿ ಎಷ್ಟು ರೇಟಿಂಗು. ಆದರೂ ಅಪ್ಪಾರಿಗೆ ಏನು ಹೇಳಬೇಕೋ ಹೊಳೀಲಿಲ್ಲ. "ನೋಡ್ತೀನಿ ಅಪ್ಪಾ" ಅಂದು ಫೋನ್ ಇಟ್ಟೆ. ಆಮೇಲೆ ಓದೋಕೆ ಶುರು ಮಾಡಿದೆ. ಓದ್ತಾ ಓದ್ತಾ ರೈತನ ಬಾಳನ್ನು ಅಂಕಿಗಳಲ್ಲಿ ಹಿಡಿಯೋ ಪ್ರಯತ್ನದ ಒಂದು ದೊಡ್ಡ ಪಾಲು ನಾನಿರೋ ಪುಣೆ ಜಿಲ್ಲೆಯಲ್ಲೇ ನಡೆದಿದೆ ಅಂತ ಗೊತ್ತಾಯ್ತು. ಅದರಲ್ಲಿ ಎರಡು ಮುಖ್ಯ ಘಟನೆಗಳು ಶಿರೂರು ತಾಲ್ಲೂಕಿನವೇ.

ಕರಡೆ ಊರಿನ ಮನೆ

ಮೊದಲನೆಯದು 1874ರ ಕೊನೆಯ ತಿಂಗಳುಗಳದು. ಶಿರೂರು ತಾಲ್ಲೂಕಿನ ಕರಡೆ ಅನ್ನೋ ಊರು. ಅಲ್ಲಿ ಕಾಳೂರಾಮ್ ಅನ್ನೋ ಸಾವಕಾರ, ಬಾಬಾಸಾಹೇಬ್ ದೇಶಮುಖ್ ಅನ್ನೋ ರೈತ. ದೇಶಮುಖ್ ಊರಿನಲ್ಲಿ ಮರ್ಯಾದಸ್ಥ ಮನೆತನದವನು. ಸಾವಕಾರ ಕೋರ್ಟಿನಿಂದ ಡಿಕ್ರಿ ತಂದ, ದೇಶಮುಖನ ಮನೆಯನ್ನು ತಾನೇ ಕೊಂಡುಕೊಂಡ, ಮನೆ ಕೆಡವೋಕೂ ಕೈ ಹಾಕಿದ. ಊರಿಗೆ ಇದನ್ನು ಸಹಿಸೋಕೆ ಆಗಲಿಲ್ಲ. ಸಾವಕಾರರ ಹೊಲ ಉಳೋದಿಲ್ಲ, ನೀರು ತರೋದಿಲ್ಲ, ಕ್ಷೌರ ಮಾಡೋದಿಲ್ಲ, ಅವರ ಅಂಗಡಿಯಲ್ಲಿ ಕೊಳ್ಳೋದಿಲ್ಲ ಅಂತ ಬಹಿಷ್ಕಾರ ಹಾಕಿದರು.

ಈ ಬಹಿಷ್ಕಾರ ಊರಿಂದೂರಿಗೆ ಹಬ್ಬಿತು. 1875ರ ಮೇ 12ರಂದು ಭೀಮಥಡಿ ತಾಲ್ಲೂಕಿನ ಸುಪೆ ಅನ್ನೋ ಸಂತೆಯೂರಿನಲ್ಲಿ ರೈತರು ಸಾವಕಾರರ ಮನೆಗಳಿಗೆ ನುಗ್ಗಿದರು. ಅವರಿಗೆ ಬೇಕಾಗಿದ್ದು ಮುಖ್ಯವಾಗಿ ಕಾಗದ: ಸಾಲಪತ್ರ, ಖಾತೆ ಪುಸ್ತಕ. ಅದಕ್ಕೆ ಬೆಂಕಿ ಹಚ್ಚಿದರು. ಪುಣೆ, ಅಹಮದನಗರ ಎರಡೂ ಜಿಲ್ಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ಹಳ್ಳಿಗಳಲ್ಲಿ ಇದು ನಡೀತು. ಚರಿತ್ರೆಯ ಪುಸ್ತಕಗಳಲ್ಲಿ ಇದಕ್ಕೆ ದಖ್ಖನ್ ದಂಗೆ ಅಂತ ಹೆಸರು.

ಸರ್ಕಾರ ಒಂದು ಆಯೋಗ ಕೂರಿಸಿತು. ಅದರ ವರದಿ 1878ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಹೋಯಿತು. ಆಯೋಗದವರು ಕೆಲವು ಹಳ್ಳಿಗಳನ್ನು ಆರಿಸಿಕೊಂಡು ಯಾರಿಗೆ ಎಷ್ಟು ಸಾಲ ಅಂತ ಲೆಕ್ಕ ತೆಗೆದರು. ಆ ಲೆಕ್ಕದ ಸಾರ ಇದು: ಸರ್ಕಾರಿ ಜಮೀನು ಹಿಡಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಸಾಲದಲ್ಲಿ ಮುಳುಗಿದ್ದಾರೆ. ಅವರ ಸಾಲ ಸರಾಸರಿ ಅವರ ವರ್ಷದ ಕಂದಾಯದ 18 ಪಟ್ಟು. ಆ ಸಾಲದ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲಿಗೆ ಹೊಲವೇ ಅಡಮಾನ.

ಇಲ್ಲಿ ಒಂದು ನಿಮಿಷ ನಿಲ್ಲಿ. ಸಂಖ್ಯಾಶಾಸ್ತ್ರದ ಮೊದಲ ಪಾಠ ಇಲ್ಲೇ ಇದೆ. 18 ಪಟ್ಟು ಅನ್ನೋದು ಯಾರ ಸರಾಸರಿ? ಎಲ್ಲ ರೈತರದಲ್ಲ, ಸಾಲದಲ್ಲಿ ಮುಳುಗಿದ ಆ ಮೂರನೇ ಒಂದು ಪಾಲಿನವರದು. ಎಲ್ಲರ ಕಂದಾಯ ಒಂದೇ ಮಟ್ಟದ್ದು, ಉಳಿದವರಿಗೆ ಸಾಲವೇ ಇಲ್ಲ ಅಂತ ಇಟ್ಟುಕೊಂಡರೆ, ಇದೇ ಸಾಲವನ್ನು ಎಲ್ಲರ ಮೇಲೆ ಹಂಚಿದಾಗ 6 ಪಟ್ಟು ಆಗುತ್ತೆ. ಸಾಲ ಒಂದು ರೂಪಾಯಿಯೂ ಕಡಿಮೆ ಆಗಲಿಲ್ಲ, ಬದಲಾಗಿದ್ದು ಛೇದ ಮಾತ್ರ. ರೈತ ಸತ್ತೇ ಹೋದ ಅನ್ನೋರು 18 ಹೇಳ್ತಾರೆ, ಪರವಾಗಿಲ್ಲ ಬದುಕಿದ್ದಾನೆ ಅನ್ನೋರು 6 ಹೇಳ್ತಾರೆ. ಇಬ್ಬರೂ ಸುಳ್ಳು ಹೇಳ್ತಿಲ್ಲ. ಹಾಗಾಗಿ ಯಾರಾದರೂ ಸರಾಸರಿ ಹೇಳಿದರೆ ಮೊದಲು ಕೇಳಬೇಕಾದದ್ದು "ಎಷ್ಟು" ಅಂತಲ್ಲ, "ಯಾರದು" ಅಂತ.

ಎರಡನೇ ಪ್ರಶ್ನೆ ಕಾರಣದ್ದು. ದಂಗೆಗೆ ಕಂದಾಯ ಹೆಚ್ಚಿಸಿದ್ದು ಕಾರಣವೋ, ಸಾವಕಾರ ಕಾರಣವೋ? ಅಮೆರಿಕದ ಅಂತರ್ಯುದ್ಧ ನಡೆದ 1861ರಿಂದ 1865ರವರೆಗೆ ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು, ಸಾಲ ಸಲೀಸಾಗಿ ಸಿಗ್ತಿತ್ತು. ಯುದ್ಧ ಮುಗೀತು, ಬೆಲೆ ಬಿತ್ತು, ಸಾಲದ ಬಾಗಿಲು ಮುಚ್ಚಿತು. ಸರಿಯಾಗಿ ಅದೇ ಕಾಲಕ್ಕೆ ಕಂದಾಯದ ಹೊಸ ದರಗಳೂ ಬಂದವು, ಕೆಲವು ಕಡೆ 50 ಪ್ರತಿಶತಕ್ಕೂ ಹೆಚ್ಚು ಏರಿಕೆ. ಎಲ್ಲಾ ಒಟ್ಟಿಗೇ ಆದಾಗ ಯಾವುದು ಯಾವುದಕ್ಕೆ ಕಾರಣ ಅಂತ ಬಿಡಿಸೋದು ಕಷ್ಟ. ಆಯೋಗ ಸರ್ಕಾರದ್ದೇ ಆಗಿತ್ತು. ಅದರ ವರದಿ ತಪ್ಪನ್ನು ಹೆಚ್ಚಾಗಿ ಸಾವಕಾರನ ಮೇಲೆ ಹಾಕಿತು, ಕಂದಾಯದ ಮೇಲಲ್ಲ. 1879ರಲ್ಲಿ ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಈ ನಾಲ್ಕು ಜಿಲ್ಲೆಗಳಿಗೆ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಹತ್ತಿರ ಹತ್ತಿರ ನೂರು ವರ್ಷ ಕಳೆದ ಮೇಲೆ, 1972ರಲ್ಲಿ, ನೀಲ್ ಚಾರ್ಲ್ಸ್‌ವರ್ತ್ ಅನ್ನೋ ಇತಿಹಾಸಕಾರ ಒಂದು ಲೇಖನ ಬರೆದು, ದಂಗೆ ಅಷ್ಟೇನೂ ದೊಡ್ಡದಲ್ಲ, ಅದನ್ನು ಹಿಗ್ಗಿಸಿ ಹೇಳಿದ್ದಾರೆ ಅಂತ ವಾದಿಸಿದ. ಮೂವತ್ತು ಹಳ್ಳಿ ಅನ್ನೋದು ದೊಡ್ಡ ಸಂಖ್ಯೆಯೋ ಸಣ್ಣದೋ? ಎರಡು ಜಿಲ್ಲೆಗಳಲ್ಲಿ ಇರೋ ಒಟ್ಟು ಹಳ್ಳಿಗಳ ಮುಂದೆ ಇಟ್ಟರೆ ಸಣ್ಣದು. ಮನೆ ಕಳಕೊಂಡವನ ಊರಿನಿಂದ ನೋಡಿದರೆ ದೊಡ್ಡದು. ಮತ್ತೆ ಅದೇ ಛೇದದ ಪ್ರಶ್ನೆ.

ಹದಿನಾರಾಣೆ ಲೆಕ್ಕ

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ, ಯಾಕಂದ್ರೆ ಕಂದಾಯದ ಲೆಕ್ಕ ಹಾಕಿದ್ದು ಹೇಗೆ ಅನ್ನೋದು ನಮ್ಮ ಮನೆ ಪಹಣಿಗೂ ಸಂಬಂಧಪಟ್ಟ ವಿಷಯ.

ಪೇಶ್ವೆ ಆಡಳಿತ ಮುಗಿದ ಮೇಲೆ, 1820ರ ದಶಕದ ಕೊನೆಗೆ, ಪ್ರಿಂಗಲ್ ಅನ್ನೋ ಯುವ ಅಧಿಕಾರಿ ಪುಣೆ ಜಿಲ್ಲೆಯಲ್ಲಿ ಸರ್ವೆ ಶುರು ಮಾಡಿದ. ಅವನ ತಲೆಯಲ್ಲಿ ರಿಕಾರ್ಡೋನ ಅರ್ಥಶಾಸ್ತ್ರ. ಪ್ರತಿಯೊಂದು ತರದ ಹೊಲಕ್ಕೂ ಇಳುವರಿ ಎಷ್ಟು, ಖರ್ಚು ಎಷ್ಟು, ಖರ್ಚು ಕಳೆದು ಉಳಿಯೋದು ಎಷ್ಟು ಅಂತ ಲೆಕ್ಕ ಹಾಕಿ, ಆ ನಿವ್ವಳ ಉತ್ಪನ್ನದಲ್ಲಿ 55 ಪ್ರತಿಶತ ಸರ್ಕಾರಕ್ಕೆ ಅಂತ ನಿರ್ಧರಿಸಿದ. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ಪದ್ಧತಿ ಇರಲಿಕ್ಕಿಲ್ಲ. ಆದರೆ ಅಳತೆಗಳೇ ತಪ್ಪಾಗಿದ್ದವು. ಹೊಲಕ್ಕೆ ಹೋದ ಕೆಳಗಿನ ನೌಕರರು ಲಂಚ ಕೊಟ್ಟವನ ಭೂಮಿ ಕೀಳು, ಕೊಡದವನದು ಮೇಲು ಅಂತ ಬರೆದರು. ಕಂದಾಯ ಕಟ್ಟೋಕಾಗದೆ ರೈತರು ಹೊಲ ಬಿಟ್ಟು ಹೋದರು. ಪದ್ಧತಿಯನ್ನೇ ಕೈಬಿಡಬೇಕಾಯ್ತು. ದಶಾಂಶದ ನಾಲ್ಕು ಸ್ಥಾನದವರೆಗೆ ಲೆಕ್ಕ ಹಾಕಿದರೂ ಒಳಗೆ ಹಾಕಿದ ಅಂಕಿ ಹೊಲಸಾಗಿದ್ದರೆ ಹೊರಗೆ ಬರೋದೂ ಹೊಲಸೇ. ನಮ್ಮ ಆಫೀಸುಗಳಲ್ಲೂ ಇದನ್ನ ಎಷ್ಟು ಸಲ ನೋಡಿಲ್ಲ ನಾವು?

1835ರಿಂದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಅನ್ನೋ ಇಬ್ಬರು ಇಂದಾಪುರದಿಂದ ಬೇರೆ ದಾರಿ ಹಿಡಿದರು. ಇವರು ಸಿದ್ಧಾಂತದ ಗೋಜಿಗೆ ಹೋಗಲಿಲ್ಲ. ಮಣ್ಣಿನ ಬಣ್ಣ, ಆಳ, ದೋಷ ನೋಡಿ ಹೊಲಕ್ಕೆ ಆಣೆಯ ಲೆಕ್ಕದಲ್ಲಿ ದರ್ಜೆ ಕೊಟ್ಟರು, ಹದಿನಾರಾಣೆ ಅಂದ್ರೆ ಅತ್ಯುತ್ತಮ. ದರ 30 ವರ್ಷಕ್ಕೆ ನಿಗದಿ. ಈ ಮುಂಬಯಿ ಸರ್ವೆ ಪದ್ಧತಿಯೇ 1840ರ ದಶಕದಲ್ಲಿ ವಿಂಗೇಟ್ ಜೊತೆ ನಮ್ಮ ಧಾರವಾಡ ಜಿಲ್ಲೆಗೆ ಬಂತು. ಗುಂಟೆ, ಆಕಾರ, ಪೋಟ್ ಖರಾಬು ಅಂತ ಇವತ್ತಿಗೂ ನಮ್ಮ ಪಹಣಿಯಲ್ಲಿ ಓದ್ತೀವಲ್ಲ, ಆ ಭಾಷೆ ಈ ದಾರಿಯಿಂದ ಬಂದದ್ದು. ನಮ್ಮಪ್ಪಾರ ಹೊಲಕ್ಕೂ ಶಿರೂರಿನ ಹೊಲಕ್ಕೂ ಇರೋ ನಂಟು ಇದು.

ಈ ಪದ್ಧತಿ ಪ್ರಿಂಗಲ್‌ನದಕ್ಕಿಂತ ಎಷ್ಟೋ ಮೇಲು. ಆದರೆ ಇದರ ಬುಡದಲ್ಲಿ ಒಂದು ಊಹೆ ಇತ್ತು: ಒಳ್ಳೇ ವರ್ಷ ಕೆಟ್ಟ ವರ್ಷ ಸೇರಿ ಸರಾಸರಿಯಲ್ಲಿ ರೈತ ಕಟ್ಟಬಲ್ಲ. ಅದಕ್ಕೆ ಕಂದಾಯ ಪ್ರತಿ ವರ್ಷವೂ ಅಷ್ಟೇ, ನಗದಾಗಿ.

ಒಂದು ಸಣ್ಣ ಲೆಕ್ಕ ಮಾಡೋಣ. ಇದು ನಾನು ಪಾಠಕ್ಕೆ ಮಾಡಿಕೊಂಡ ಲೆಕ್ಕ, ಯಾರ ಹೊಲದ್ದೂ ಅಲ್ಲ. ಕಾಲುವೆ ನೀರಿನ ಒಂದು ಹೊಲ, ಐದು ವರ್ಷದ ಇಳುವರಿ ಕ್ವಿಂಟಾಲಿನಲ್ಲಿ 4, 4, 4, 4, 4. ಮಳೆ ನಂಬಿದ ಒಂದು ಹೊಲ, ಇಳುವರಿ 8, 1, 7, 0, 4. ಎರಡರದ್ದೂ ಮೊತ್ತ 20, ಎರಡರದ್ದೂ ಸರಾಸರಿ 4. ಸರಾಸರಿ ಮಾತ್ರ ನೋಡೋನಿಗೆ ಇವೆರಡೂ ಅವಳಿ ಜವಳಿ. ಆದರೆ ಎರಡನೇ ಹೊಲದವನು ಎರಡನೇ ವರ್ಷ ಏನು ತಿಂತಾನೆ? ನಾಲ್ಕನೇ ವರ್ಷ ಕಂದಾಯ ಎಲ್ಲಿಂದ ಕಟ್ತಾನೆ? ಸಾವಕಾರನ ಬಾಗಿಲಿಗೆ ಹೋಗ್ತಾನೆ. ಬಡ್ಡಿ ಸೇರ್ತಾ ಹೋಗುತ್ತೆ. ಮೂರನೇ ವರ್ಷದ 7 ಕ್ವಿಂಟಾಲು ಮನೆಗೆ ಬರೋ ಮೊದಲೇ ಸಾವಕಾರನ ಅಂಗಡಿ ಸೇರುತ್ತೆ.

ಇದನ್ನೇ ಸಂಖ್ಯಾಶಾಸ್ತ್ರದಲ್ಲಿ ಹರಡಿಕೆ ಅಂತೀವಿ. ಅಂಕಿಗಳು ಸರಾಸರಿಯಿಂದ ಎಷ್ಟು ದೂರ ದೂರ ಬಿದ್ದಿವೆ ಅನ್ನೋ ಅಳತೆ. ಮಾನಕ ವಿಚಲನೆ ಅಂತ ಪಿಯುಸಿಯಲ್ಲಿ ಸೂತ್ರ ಬಾಯಿಪಾಠ ಮಾಡಿದ್ದು ಇದನ್ನೇ. ಆಗ ಇದಕ್ಕೂ ಬದುಕಿಗೂ ಏನು ಸಂಬಂಧ ಅಂತ ಯಾರೂ ಹೇಳಲಿಲ್ಲ. ಈಗ ನನಗೆ ಅನಿಸೋದು, ಮಳೆ ನಂಬಿದ ಊರಿನಲ್ಲಿ ಸಾಲ ಅಂದ್ರೆ ಸರಾಸರಿ ವರ್ಷಕ್ಕೂ ಈ ವರ್ಷಕ್ಕೂ ನಡುವಿನ ಅಂತರ. ಕಂದಾಯ ಸರಾಸರಿಯಲ್ಲಿ ಬದುಕ್ತಿತ್ತು, ರೈತ ಆಯಾ ವರ್ಷದಲ್ಲಿ ಬದುಕ್ತಿದ್ದ. ಕರಡೆಯ ಮನೆ ಬಿದ್ದದ್ದು ಆ ಅಂತರದಲ್ಲಿ.

ಸೌದಾಗರದ ಏಳು ಎಕರೆ

ಈಗ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರೋ ಜಾಗಕ್ಕೆ ಬರ್ತೀನಿ. ಪಿಂಪಳೆ ಸೌದಾಗರ್. ಹೌದು, ಹಿಂಜೆವಾಡಿ ಕಂಪನಿಗಳ ಬಸ್ಸು ಹತ್ತೋಕೆ ಬೆಳಗ್ಗೆ ನಿಂತಿರ್ತೀವಲ್ಲ, ಅದೇ ಸೌದಾಗರ್. ನಾನಿರೋದೂ ಅಲ್ಲೇ. ನೂರು ವರ್ಷದ ಹಿಂದೆ ಅದು ಒಂದು ಹಳ್ಳಿ. ಆ ಹಳ್ಳಿಯ ಮೇಲೆ ಒಂದು ಇಡೀ ಪುಸ್ತಕ ಇದೆ.

ಹೆರಾಲ್ಡ್ ಮ್ಯಾನ್ ಅನ್ನೋರು ಪುಣೆ ಕೃಷಿ ಕಾಲೇಜಿನ ಪ್ರಿನ್ಸಿಪಾಲರು. ರಸಾಯನಶಾಸ್ತ್ರ ಓದಿದವರು, ಅಸ್ಸಾಮಿನಲ್ಲಿ ಚಹಾ ಬೆಳೆಯ ಮೇಲೆ ಕೆಲಸ ಮಾಡಿ ಬಂದವರು. ಇಂಗ್ಲೆಂಡಿನ ಒಂದು ಹಳ್ಳಿಯಲ್ಲೂ ಮನೆ ಮನೆಗೆ ಹೋಗಿ ಬಡತನದ ಲೆಕ್ಕ ತೆಗೆದಿದ್ದರು. ಸಹಸ್ರಬುದ್ಧೆ, ಕಾನಿಟ್ಕರ್, ತಾಮ್ಹಣೆ ಮುಂತಾದ ಸಹೋದ್ಯೋಗಿಗಳ ಜೊತೆ ಇವರು ಪಿಂಪಳೆ ಸೌದಾಗರಕ್ಕೆ ಹೋಗಿ ಮಣ್ಣು, ನೀರು, ಬೆಳೆ, ದನ, ಸಾಲ, ಊಟ ಎಲ್ಲವನ್ನೂ ಬರೆದುಕೊಂಡರು. ಪುಸ್ತಕ ಬಂದದ್ದು 1917ರಲ್ಲಿ.

ಅದರಲ್ಲಿ ಒಂದು ಅಂಕಿ ಸಾಲು ಬಹಳ ಪ್ರಸಿದ್ಧ. ಊರಿನ ಒಬ್ಬ ಹಿಡುವಳಿದಾರನ ಸರಾಸರಿ ಜಮೀನು 1771ರಲ್ಲಿ 40 ಎಕರೆ, 1818ರಲ್ಲಿ ಹದಿನೇಳೂವರೆ, 1820ರಿಂದ 1840ರ ನಡುವೆ 14, 1914-15ರ ಹೊತ್ತಿಗೆ 7. ಬ್ರಿಟಿಷ್ ಆಡಳಿತ ರೈತನನ್ನು ಹಾಳು ಮಾಡ್ತು ಅಂತ ವಾದಿಸಿದವರು ಈ ಸಾಲನ್ನು ಮತ್ತೆ ಮತ್ತೆ ತೋರಿಸಿದರು. ಆದರೆ ವರ್ಷಗಳನ್ನು ಗಮನಿಸಿ. ಪೇಶ್ವೆಗಳು ಸೋತದ್ದು 1818ರಲ್ಲಿ. 40ರಿಂದ ಹದಿನೇಳೂವರೆಗೆ ಇಳಿದದ್ದು ಅದಕ್ಕಿಂತ ಮೊದಲು, 47 ವರ್ಷದಲ್ಲಿ 56 ಪ್ರತಿಶತ ಇಳಿಕೆ. ಆಮೇಲಿನ ಸುಮಾರು 97 ವರ್ಷದಲ್ಲಿ 60 ಪ್ರತಿಶತ. 1771ರಿಂದ ಶುರು ಮಾಡಿದರೆ ಒಂದು ಕತೆ, 1818ರಿಂದ ಶುರು ಮಾಡಿದರೆ ಇನ್ನೊಂದು. ಗ್ರಾಫ್ ಎಲ್ಲಿಂದ ಶುರುವಾಗಿದೆ ಅನ್ನೋದೂ ಒಂದು ಮಾತೇ.

ಇದಕ್ಕಿಂತ ಮುಖ್ಯ ಇನ್ನೊಂದಿದೆ. 7 ಎಕರೆ ಸರಾಸರಿ ಅಂತ ಕೇಳಿದರೆ ನಮ್ಮ ಕಣ್ಣ ಮುಂದೆ ಏಳು ಎಕರೆಯ ಒಬ್ಬ ರೈತ ಬಂದು ನಿಲ್ತಾನೆ. ಆದರೆ ಮ್ಯಾನ್ ಅದರ ಜೊತೆಗೇ ಇನ್ನೊಂದು ಅಂಕಿ ಕೊಟ್ಟರು: 60 ಪ್ರತಿಶತ ಹಿಡುವಳಿಗಳು 5 ಎಕರೆಗಿಂತ ಕಡಿಮೆ. ಅಂದ್ರೆ ಎಲ್ಲ ಹಿಡುವಳಿದಾರರನ್ನು ಸಣ್ಣವನಿಂದ ದೊಡ್ಡವನವರೆಗೆ ಸಾಲಾಗಿ ನಿಲ್ಲಿಸಿದರೆ, ಸರಿ ನಡುವೆ ನಿಂತವನ ಹತ್ತಿರ 5 ಎಕರೆಯೂ ಇಲ್ಲ. ಈ ನಡುವಿನವನೇ ಮಧ್ಯಾಂಕ. ಸರಾಸರಿ 7, ಮಧ್ಯಾಂಕ 5ಕ್ಕಿಂತ ಕೆಳಗೆ. ಹೇಗೆ ಸಾಧ್ಯ? ಐದು ಜನ ಅಂದುಕೊಳ್ಳಿ: 1, 2, 3, 4 ಎಕರೆಯ ನಾಲ್ವರು, 25 ಎಕರೆಯ ಒಬ್ಬ. ಮೊತ್ತ 35, ಸರಾಸರಿ 7. ಆದರೆ ಏಳು ಎಕರೆಯವನು ಅಲ್ಲಿ ಒಬ್ಬನೂ ಇಲ್ಲ. ನಡುವಿನವನದು 3. ಒಬ್ಬ ದೊಡ್ಡ ಗೌಡ ಸರಾಸರಿಯನ್ನು ತನ್ನ ಕಡೆ ಎಳೆದುಕೊಳ್ತಾನೆ, ಮಧ್ಯಾಂಕವನ್ನು ಎಳೆಯೋಕೆ ಅವನ ಕೈಲಾಗಲ್ಲ. ಕಂಪನಿಯ ಸರಾಸರಿ ಸಂಬಳ ಕೇಳಿ "ನನ್ನದ್ಯಾಕೆ ಇಷ್ಟು ಕಡಿಮೆ" ಅಂತ ಬೇಜಾರು ಮಾಡಿಕೊಂಡಿದ್ದೀರಾ? ಕಾರಣ ಇದೇ ಇರಬಹುದು.

ಇನ್ನೂ ಇದೆ. 156 ಹಿಡುವಳಿದಾರರ ಜಮೀನು ಒಂದೇ ಕಡೆ ಇರಲಿಲ್ಲ, 729 ತುಂಡುಗಳಲ್ಲಿ ಹಂಚಿಹೋಗಿತ್ತು. ಅದರಲ್ಲಿ 463 ತುಂಡು ಒಂದು ಎಕರೆಗಿಂತ ಚಿಕ್ಕವು, 112 ಕಾಲು ಎಕರೆಗಿಂತ ಚಿಕ್ಕವು. 156ನ್ನು 7ರಿಂದ ಗುಣಿಸಿ 729ರಿಂದ ಭಾಗಿಸಿದರೆ ತುಂಡಿನ ಸರಾಸರಿ ಸುಮಾರು ಒಂದೂವರೆ ಎಕರೆ. ಆದರೆ 63 ಪ್ರತಿಶತಕ್ಕೂ ಹೆಚ್ಚು ತುಂಡುಗಳು ಒಂದು ಎಕರೆಯೂ ಇಲ್ಲ. ಕಾಲು ಎಕರೆ ಅಂದ್ರೆ 10 ಗುಂಟೆ. ಒಂದು ಗುಂಟೆ ಅಂದ್ರೆ 1089 ಚದರ ಅಡಿ, ನಮ್ಮ ಎರಡು ಬೆಡ್‌ರೂಮಿನ ಫ್ಲಾಟು. ಇಎಂಐ ಕಟ್ತಿರೋ ನನ್ನ ಆಸ್ತಿ ಆ ಊರಿನಲ್ಲಿ ಒಂದು ಗುಂಟೆ, ಅದೂ ನೆಲದ ಮೇಲಲ್ಲ, ಹನ್ನೊಂದನೇ ಮಹಡಿಯಲ್ಲಿ.

ಕೊನೆಗೆ ಮ್ಯಾನ್ 103 ಕುಟುಂಬಗಳ ಆದಾಯ ಖರ್ಚು ಲೆಕ್ಕ ಹಾಕಿದರು. ಬರೀ ಹೊಲ ನಂಬಿ ಸರಿಯಾಗಿ ಬದುಕಬಲ್ಲವು 8. ಹೊರಗಿನ ಕೂಲಿ ಸಂಬಳ ಸೇರಿಸಿದರೆ ಸರಿದೂಗಿಸಬಲ್ಲವು 28. ಏನು ಮಾಡಿದರೂ ಸಾಲದವು 67. ಅಂದ್ರೆ 65 ಪ್ರತಿಶತ. ನೋಡಿ, ಇಲ್ಲಿ ಛೇದ 103 ಕುಟುಂಬ, ಮೊದಲಿನದು 156 ಹಿಡುವಳಿದಾರರು. ಒಂದೇ ಪುಸ್ತಕ, ಒಂದೇ ಊರು, ಆದರೂ ಎರಡನ್ನೂ ಬೆರೆಸಬಾರದು.

ಮತ್ತೆ ಶಿರೂರಿಗೆ

ಈಗ ಯಾರಾದರೂ ಕೇಳಬಹುದು: ಒಂದು ಊರು ನೋಡಿ ಇಡೀ ದಖ್ಖನ್ ಬಗ್ಗೆ ಮಾತಾಡೋದು ಸರಿಯಾ? ಸೌದಾಗರ ಪುಣೆಗೆ ಹತ್ತಿರ. ತರಕಾರಿ ಮಾರೋಕೆ ಪೇಟೆ ಇತ್ತು, ಖಡ್ಕಿಯ ಮದ್ದುಗುಂಡು ಕಾರ್ಖಾನೆ ದೂರ ಇರಲಿಲ್ಲ. ಆ 28 ಕುಟುಂಬಗಳನ್ನು ಉಳಿಸಿದ್ದೇ ಹೊರಗಿನ ದುಡಿಮೆ. ಪಟ್ಟಣದ ನೆರಳಿಲ್ಲದ ಊರಿನಲ್ಲಿ ಏನಾಗ್ತಿತ್ತು?

ಇದನ್ನು ನೋಡೋಕೆ ಮ್ಯಾನ್ ಮತ್ತು ಕಾನಿಟ್ಕರ್ ಎರಡನೇ ಊರು ಆರಿಸಿಕೊಂಡರು. ಆ ಊರು ಶಿರೂರು ತಾಲ್ಲೂಕಿನ ಜಾತೇಗಾಂವ್ ಬುದ್ರುಕ್. ಮಳೆ ನೆರಳಿನ ಸೀಮೆ, ಒಣ ಬೇಸಾಯ. ಆ ಅಧ್ಯಯನ 1921ರಲ್ಲಿ ಪ್ರಕಟವಾಯ್ತು. ಪರಿಸ್ಥಿತಿ ಸೌದಾಗರಕ್ಕಿಂತ ಕೆಟ್ಟದಾಗಿತ್ತು, ಕೈ ಬಾಯಿ ಸರಿದೂಗದ ಮನೆಗಳ ಪಾಲು ಅಲ್ಲಿ ಇನ್ನೂ ಹೆಚ್ಚು. 65 ಪ್ರತಿಶತ ಅನ್ನೋದು ದಖ್ಖನ್ನಿನ ಅಂಕಿ ಅಲ್ಲ, ಪುಣೆ ಪಕ್ಕದ ಒಂದು ಊರಿನ ಅಂಕಿ ಅಂತ ಗೊತ್ತಾಯ್ತು. ಮಾದರಿ ಅಂತೀವಲ್ಲ, ಸ್ಯಾಂಪಲ್ಲು, ಅದರ ಪಾಠ ಇದು. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಚುಕಿ ನೋಡ್ತೀವಿ. ಒಂದು ಅಗುಳು ಸಾಕು, ಆದರೆ ಪಾತ್ರೆ ಚೆನ್ನಾಗಿ ಕಲಕಿರಬೇಕು. ಊರುಗಳನ್ನು ಯಾರೂ ಕಲಕಿರೋದಿಲ್ಲ. ಕೈಗೆ ಸಿಕ್ಕ ಅಗುಳು ತೆಗೆದರೆ ಬೆಂದ ಕಡೆಯದೇ ಸಿಗಬಹುದು.

ಕಲಕೋ ಉಪಾಯ ಆಮೇಲೆ ಬಂತು. ಚೀಟಿ ಎತ್ತಿದ ಹಾಗೆ, ಯಾರ ಇಷ್ಟಕ್ಕೂ ಬಿಡದೆ ಹೊಲ ಆರಿಸೋದು. 1920ರ ದಶಕದಲ್ಲಿ ಹಬ್ಯಾಕ್ ಅನ್ನೋ ಅಧಿಕಾರಿ ಬಿಹಾರ, ಒರಿಸ್ಸಾ ಕಡೆ ಭತ್ತದ ಇಳುವರಿಗೆ ಹೀಗೆ ಮಾಡಿ ನೋಡಿದರು. 1940ರ ದಶಕದಲ್ಲಿ ಸಾತಾರಾ ಜಿಲ್ಲೆಯ ಬುಧ್ ಅನ್ನೋ ಊರಿನಲ್ಲಿ ಹುಟ್ಟಿದ ಪಿ.ವಿ. ಸುಖಾತ್ಮೆ ಮತ್ತು ವಿ.ಜಿ. ಪಾನ್ಸೆ ಇದನ್ನು ಬೆಳೆ ಕಟಾವು ಪ್ರಯೋಗವಾಗಿ ದೇಶಕ್ಕೆ ಕೊಟ್ಟರು. ಕಲ್ಕತ್ತೆಯಲ್ಲಿ ಮಹಾಲನೋಬಿಸ್ ಇದೇ ಕೆಲಸ ಇನ್ನೊಂದು ರೀತಿಯಲ್ಲಿ ಮಾಡ್ತಿದ್ದರು. ಅವರ ಸಂಸ್ಥೆಗೆ ಆ ದಿನಗಳಲ್ಲಿ ಸೇರಿದ ಯುವಕ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 1920ರಲ್ಲಿ. ಮುಂದೆ ಪ್ರಪಂಚದ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದರು.

ಅಪ್ಪಾರ ಪಂಚಾಯಿತಿಯಲ್ಲಿ ವಿಮೆಗೆ ಲೆಕ್ಕ ಹಾಕಿದ್ದೂ ಬೆಳೆ ಕಟಾವು ಪ್ರಯೋಗದಿಂದಲೇ. ಒಂದು ಬೆಳೆಗೆ ಪಂಚಾಯಿತಿಗೆ ನಾಲ್ಕು ತಾಕು. ಅದರ ಸರಾಸರಿ ಹಿಂದಿನ ವರ್ಷಗಳಿಂದ ನಿಗದಿ ಮಾಡಿದ ಮಟ್ಟಕ್ಕಿಂತ ಕೆಳಗೆ ಬಂದರೆ ಎಲ್ಲರಿಗೂ ಪರಿಹಾರ, ಮೇಲಿದ್ದರೆ ಯಾರಿಗೂ ಇಲ್ಲ. ಹಳ್ಳದ ಆಚೆ ಮಳೆ ಆಗಿ ಈಚೆ ಆಗದ ವರ್ಷ, ನಾಲ್ಕು ಚೀಟಿ ಎಲ್ಲಿ ಬೀಳ್ತವೆ ಅನ್ನೋದು ಅದೃಷ್ಟ.

ಅಪ್ಪಾರಿಗೆ ವಾರ ಬಿಟ್ಟು ಫೋನ್ ಮಾಡಿ ಇದನ್ನೆಲ್ಲಾ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹಂಗಾರ ನನ್ನ ಹೊಲಕ್ಕ ಬಂದು ನೋಡಿ ಕೊಡಬೇಕಿತ್ತಲ್ಲ?" ಅಂದರು. ಆಗ ಪ್ರಿಂಗಲ್ ಕತೆ ಹೇಳಿದೆ. ಒಂದೊಂದು ಹೊಲವನ್ನೂ ನೋಡಿ ಲೆಕ್ಕ ಹಾಕೋಕೆ ಹೋದವನಿಗೆ ಏನಾಯ್ತು, ಹೊಲ ನೋಡೋಕೆ ಬಂದವನ ಕೈ ಬಿಸಿ ಮಾಡಿದವನದೇ ಹೊಲ ಹೇಗೆ ಕೆಟ್ಟದಾಯ್ತು ಅಂತ. ಅಪ್ಪಾರು ನಕ್ಕರು. "ಅದೂ ಖರೇ. ಬರಾಂವ ಯಾರ ಮನ್ಯಾಗ ಚಾ ಕುಡೀತಾನ, ಅವ್ನ ಹೊಲ ಒಣಗಿರತೈತಿ."

ಹಾಗಾಗಿ ಸರಾಸರಿಯನ್ನು ಖಳನಾಯಕ ಮಾಡೋಕೆ ನನಗೆ ಮನಸ್ಸಿಲ್ಲ. ಲಂಚ, ಮುಲಾಜು, ಓಡಾಟದ ಖರ್ಚು ಇವನ್ನೆಲ್ಲ ತಪ್ಪಿಸೋಕೆ ಜನ ಕಂಡುಕೊಂಡ ದಾರಿ ಅದು. ಆದರೆ ಅದಕ್ಕೊಂದು ಬೆಲೆ ಇದೆ, ಆ ಬೆಲೆಯನ್ನು ಸರಾಸರಿಯಿಂದ ದೂರ ಬಿದ್ದವನು ಕೊಡ್ತಾನೆ. ಮ್ಯಾನ್ ಅವರಲ್ಲಿ ನನಗೆ ಇಷ್ಟವಾದದ್ದು ಇದು: 7 ಅಂತ ಹೇಳಿ ಸುಮ್ಮನಾಗಲಿಲ್ಲ, 60 ಪ್ರತಿಶತ ಜನ ಎಲ್ಲಿದ್ದಾರೆ ಅಂತಲೂ ಹೇಳಿದರು. ಅಷ್ಟಕ್ಕೇ ಬಿಡಲಿಲ್ಲ, ಇನ್ನೊಂದು ಊರಿಗೂ ಹೋದರು.

ಈ ವಿಷಯ ಓದಿ ಮುಗಿಸಿದ ಮೇಲೆ ಒಂದು ಭಾನುವಾರ ಜಾತೇಗಾಂವ್ ಕಡೆ ಹೋಗಿ ಬಂದೆ. ಸೋಮವಾರ ಆಫೀಸಿನಲ್ಲಿ ನನ್ನ ಡ್ಯಾಶ್‌ಬೋರ್ಡಿನ ಸರಾಸರಿಯ ಪಕ್ಕ ಮಧ್ಯಾಂಕ ಸೇರಿಸಿದೆ, ಅದರ ಕೆಳಗೆ ತೀರಾ ತಡವಾದ ನೂರಕ್ಕೆ ಹತ್ತು ಗ್ರಾಹಕರು ಎಷ್ಟು ಹೊತ್ತು ಕಾದರು ಅಂತಲೂ. ಮ್ಯಾನೇಜರ್ ಕೇಳಿದರು, "ಇದ್ಯಾಕೆ, ಸರಾಸರಿ ಚೆನ್ನಾಗಿದೆಯಲ್ಲ?" ಹೌದು ಸರ್, ಚೆನ್ನಾಗಿದೆ ಅಂದೆ. ಹಳ್ಳದ ಈಚೆ ಇರೋರು ಎಷ್ಟು ಜನ ಅಂತ ನೋಡ್ತಿದ್ದೀನಿ.

ಅಪ್ಪಾರಿಗೆ ಆ ವರ್ಷದ ಪರಿಹಾರ ಬರಲಿಲ್ಲ. ಮುಂದಿನ ಮುಂಗಾರಿಗೆ ಮತ್ತೆ ಹೆಸರೇ ಹಾಕಿದರು, ಕಂತೂ ಕಟ್ಟಿದರು.